ಕೊಮುಜ್ ಓದಿದ ಕ್ರೇನಿನವಳು

ವೀಸಾ ಸಿಗಲಿಲ್ಲವೆಂಬ ಸುದ್ದಿಯನ್ನು ಸಾಲ್ಕಿನ್ ನನಗೆ ಹೇಳಿದ್ದು ಆಕಾಶದಿಂದ. ಅವಳು ಮೇಲೆ ಕ್ರೇನಿನ ಕ್ಯಾಬಿನ್ನಿನಲ್ಲಿ ಕೂತಿದ್ದಳು. ನಾನು ಕೆಳಗೆ ಕಬ್ಬಿಣದ ಸರಳುಗಳ ಪಕ್ಕದಲ್ಲಿ ನಿಂತಿದ್ದೆ. ಕೊಕ್ಕೆಗೆ ಭಾರ ಕಟ್ಟಿ ಕಳಿಸುವುದು ನನ್ನ ಕೆಲಸ, ಎತ್ತುವುದು ಅವಳದು. ದಿನವಿಡೀ ನಮ್ಮಿಬ್ಬರ ನಡುವೆ ವಾಕಿಟಾಕಿಯಲ್ಲಿ ಮಾತು. ನನಗೆ ಅವಳು ತಂಗಿ, ಅವಳಿಗೆ ನಾನು ಬೈಕೆ, ಅಂದರೆ ಅಣ್ಣ.

"ಇಸಾಕ್ ಬೈಕೆ, ಕೇಳಿಸ್ತಿದೆಯಾ?"

"ಕೇಳಿಸ್ತಿದೆ ತಂಗಿ. ಸರಳು ಕಟ್ಟಿ ಆಯ್ತು, ಎತ್ತು."

"ಎತ್ತೋದಿರ್ಲಿ. ಅವರು ಬೇಡ ಅಂದ್ರು."

"ಯಾರು?"

"ವೀಸಾದವರು. ಏಜೆನ್ಸಿಯಿಂದ ಈಗ ಮೊಬೈಲಿಗೆ ಬಂತು. ಓದ್ತೀನಿ ಕೇಳಿ. 'ಅರ್ಜಿದಾರರ ವಿದ್ಯಾಭ್ಯಾಸಕ್ಕೂ ಅವರು ಮಾಡಲಿರುವ ಕೆಲಸಕ್ಕೂ ಸಂಬಂಧ ಕಾಣುವುದಿಲ್ಲ. ಪ್ರಯಾಣದ ಉದ್ದೇಶ ನಂಬಲು ಅರ್ಹವಾಗಿಲ್ಲ.'"

ನಾನು ತಲೆಯೆತ್ತಿ ನೋಡಿದೆ. ಅಷ್ಟೆತ್ತರದಲ್ಲಿ ಗಾಜಿನ ಹೊಳಪು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

"ನಂಬಲು ಅರ್ಹ ಅಲ್ವಂತೆ ಬೈಕೆ. ಈ ಗಾಜಿನ ಪೆಟ್ಟಿಗೇಲಿ ಒಂಬತ್ತು ಚಳಿಗಾಲ ಕಳೆದಿದೀನಿ ನಾನು."

"ಗೊತ್ತು. ಈಗ ಎತ್ತು, ಗಾಳಿ ಏಳ್ತಾ ಇದೆ."

ಎತ್ತಿದಳು. ಆ ಕೋಪದಲ್ಲೂ ಸರಳುಗಳ ಕಟ್ಟು ಒಂದಿಷ್ಟೂ ತೂಗಾಡದೆ ಮೇಲೆ ಹೋಯಿತು.

ವೀಸಾ ಬೇಡವೆಂದದ್ದು ಯಾವ ದೇಶವೆಂದು ನಾನು ಹೇಳುವುದಿಲ್ಲ. ಯುರೋಪಿನದು, ಅಷ್ಟು ಸಾಕು. ನಮ್ಮ ರಾಜಧಾನಿ ಬಿಶ್ಕೆಕ್‌ನಲ್ಲಿ ಅದರ ವೀಸಾ ಕಚೇರಿಯ ಮುಂದೆ ಸಾಲು ನಿಲ್ಲಬೇಕಾದವರು ನನ್ನ ಬೀದಿಯಲ್ಲೇ ಬೇಕಾದಷ್ಟು ಮಂದಿ ಇದ್ದಾರೆ. ನನ್ನ ಬಾಯಿಂದಾಗಿ ಅವರಿಗೆ ತೊಂದರೆಯಾಗುವುದು ಬೇಡ.

ಸಾಲ್ಕಿನ್ ನಾರಿನ್ ಕಡೆಯವಳು. ಅಲ್ಲಿಯ ಚಳಿಯಲ್ಲಿ ಬೆಳೆದವರ ಹಾಗೆ ಕೆನ್ನೆ ಯಾವಾಗಲೂ ಕೆಂಪು, ಮಾತು ಕಡಿಮೆ, ಆಡಿದರೆ ನೇರ. ಚಿಕ್ಕಂದಿನಲ್ಲಿ ಅಜ್ಜನಿಂದ ಕೊಮುಜ್ ನುಡಿಸುವುದನ್ನು ಕಲಿತಳು. ಮೂರು ತಂತಿಯ ಆ ವಾದ್ಯವನ್ನೇ ರಾಜಧಾನಿಯ ಸಂಗೀತ ಮಹಾವಿದ್ಯಾಲಯದಲ್ಲಿ ಐದು ವರ್ಷ ಓದಿ ಪದವಿ ಪಡೆದಳು. ಒಂದು ವಾದ್ಯವೃಂದದಲ್ಲಿ ನುಡಿಸುತ್ತಿದ್ದಳು. ಆ ವೃಂದ ಮುಚ್ಚಿತು. ಮದುವೆ ಮನೆಗಳಲ್ಲಿ, ಜನ ಕುರಿಮಾಂಸ ತಿನ್ನುತ್ತ ಗಲಾಟೆ ಮಾಡುತ್ತಿರುವಾಗ ಮೂಲೆಯಲ್ಲಿ ಕೂತು ನುಡಿಸಲು ಅವಳಿಗೆ ಮನಸ್ಸಿರಲಿಲ್ಲ. ಒಂದು ದಿನ ಗೋಡೆಯ ಮೇಲೆ ಕ್ರೇನ್ ತರಬೇತಿಯ ಜಾಹೀರಾತು ಕಂಡಳು, ಹೋಗಿ ಸೇರಿದಳು. ಯಾಕೆ ಅಂತ ಒಮ್ಮೆ ಕೇಳಿದ್ದೆ. "ಮೇಲೆ ಯಾರೂ ಮಾತಾಡಿಸಲ್ವಲ್ಲ, ಅದಕ್ಕೆ" ಅಂದಿದ್ದಳು. ಆಮೇಲೆ ನಾನು ಸಿಕ್ಕಿದೆ, ವಾಕಿಟಾಕಿ ಸಮೇತ.

ಓದಿದ್ದೊಂದು, ಮಾಡುವುದೊಂದು ಅನ್ನುವುದು ನಮ್ಮಲ್ಲಿ ಯಾರಿಗೂ ವಿಚಿತ್ರವಲ್ಲ. ನಾನು ಭೂಗೋಳದ ಮೇಷ್ಟರಾಗಲು ಓದಿದವನು. ಸೆಂಟ್ರಿಂಗ್ ಹಾಕುವ ಇಬ್ಬರಲ್ಲಿ ಒಬ್ಬ ವಕೀಲಿಕೆ ಓದಿದ್ದ, ಇನ್ನೊಬ್ಬ ಜೇನು ಸಾಕಣೆ. ನಾವು ಹುಟ್ಟಿದ ದೊಡ್ಡ ದೇಶವೇ ಒಂದು ದಿನ ಬೆಳಗಾಗುವುದರೊಳಗೆ ಒಡೆದುಹೋಯಿತು. ಓದಿದ ಓದು ಹಾಗೇ ಉಳಿಯಿತು, ಅದಕ್ಕೆ ತಕ್ಕ ಕೆಲಸ ಉಳಿಯಲಿಲ್ಲ. ಹೊರಗಿನವರು ಅದನ್ನೊಂದು ಅನುಮಾನದ ವಿಷಯ ಮಾಡಿದಾಗಲೇ ನಮಗೂ ಅದು ಕಣ್ಣಿಗೆ ಬಿದ್ದದ್ದು.

ಆ ವರ್ಷ ಹೊರದೇಶದ ಕಟ್ಟಡ ಕಂಪನಿಯೊಂದು ಕ್ರೇನ್ ಓಡಿಸುವವರನ್ನು ಹುಡುಕುತ್ತಿತ್ತು. ಅವರ ಮ್ಯಾನೇಜರ್ ವಿಡಿಯೋದಲ್ಲಿ ಸಾಲ್ಕಿನ್ ಕೆಲಸ ಮಾಡುವುದನ್ನು ನೋಡಿ ಒಪ್ಪಿದ. ನಮ್ಮಲ್ಲೇ ಇದ್ದ ಕನಾತ್ ಎಂಬವನನ್ನೂ ಆರಿಸಿದ. ಕನಾತ್ ಒಳ್ಳೆಯ ಹುಡುಗನೇ, ಆದರೆ ಕ್ರೇನ್ ಹತ್ತಿ ಒಂದು ಬೇಸಿಗೆಯಾಗಿತ್ತಷ್ಟೆ. ಅವನ ಕೈಯಲ್ಲಿ ತಾಂತ್ರಿಕ ಕಾಲೇಜಿನ ಕಾಗದವಿತ್ತು, ವೀಸಾ ಸಿಕ್ಕಿತು. ಸಾಲ್ಕಿನ್‌ಗೆ ಇಲ್ಲವೆಂದರು.

ಮರುದಿನ ಏಜೆನ್ಸಿಗೆ ಹೋಗುವಾಗ ನನ್ನನ್ನೂ ಕರೆದಳು.

"ನಾನ್ಯಾಕೆ?"

"ನಾನು ಏನಾದ್ರೂ ಅನ್ನೋಕೆ ಹೊರಟ್ರೆ ಕಾಲು ತುಳೀರಿ."

ಏಜೆನ್ಸಿ ನಡೆಸುತ್ತಿದ್ದವಳು ಗುಲ್ಸಾನ್. ಉಗುರಿಗೆ ಬಣ್ಣ, ಮೇಜಿನ ಮೇಲೆ ಮಿಠಾಯಿ ತಟ್ಟೆ, ಬಾಯಲ್ಲಿ ಸದಾ 'ಎಜೆ', ಅಂದರೆ ಅಕ್ಕ. ನಮಗೆ ಚಹಾ ಸುರಿದು, ಕಂಪ್ಯೂಟರಿನಲ್ಲಿ ಅರ್ಜಿ ತೆರೆದು, ಹಲ್ಲುನೋವು ಬಂದವಳ ಹಾಗೆ ಮುಖ ಮಾಡಿದಳು.

"ಎಜೆ, ಇದನ್ನ ನೀವೇ ತುಂಬಿದ್ರಾ? ಕೊಮುಜ್ ವಿಷಯ ಯಾರು ಕೇಳಿದ್ರು?"

"ಅರ್ಜಿ ಕೇಳ್ತು. ಅತಿ ಹೆಚ್ಚಿನ ವಿದ್ಯಾಭ್ಯಾಸ ಯಾವುದು ಅಂತ."

"ಅಲ್ಲಿ ಶಾಲೆ ಅಂತ ಬರೆದು ಸುಮ್ಮನಾಗ್ಬೇಕಿತ್ತು."

"ಆಮೇಲಿನ ಐದು ವರ್ಷ ಎಲ್ಲಿದ್ದೆ ಅಂದ್ರೆ? ಜೈಲಲ್ಲಿ ಅನ್ಲಾ?"

"ಜೈಲು ಅಂದಿದ್ರೂ ಇಷ್ಟು ಅನುಮಾನ ಬರ್ತಿರ್ಲಿಲ್ಲ" ಅಂದಳು ಗುಲ್ಸಾನ್. ಅದು ತಮಾಷೆಯಾಗಿರಲಿಲ್ಲ. "ನೋಡಿ ಎಜೆ, ಅವರ ಲೆಕ್ಕಾಚಾರ ಹೀಗೆ. ಸಂಗೀತದವಳು ಕ್ರೇನ್ ಹತ್ತೋಕೆ ನಮ್ಮ ದೇಶಕ್ಕೆ ಯಾಕೆ ಬರ್ತಾಳೆ? ಏನೋ ಮರೆಮಾಚ್ತಿದಾಳೆ. ಇಳಿದ ಕೂಡ್ಲೆ ಎಲ್ಲೋ ಮಾಯ ಆಗ್ತಾಳೆ. ಅಷ್ಟೇ."

"ಈಗೇನು ಮಾಡ್ಬೇಕು?"

ಗುಲ್ಸಾನ್ ಎದ್ದು ಬಾಗಿಲು ಹಾಕಿ ಬಂದಳು. ಮುಚ್ಚಿಹೋದ ಒಂದು ತಾಂತ್ರಿಕ ಕಾಲೇಜು ಇದೆಯಂತೆ. ಅದರ ಖಾಲಿ ಪ್ರಮಾಣಪತ್ರಗಳು ಯಾರದೋ ಬಳಿ ಉಳಿದಿವೆಯಂತೆ. "ಕಾಗದ ಅಸಲಿ, ಸೀಲು ಅಸಲಿ. ಹೆಸರು ಬರೆಯೋದೊಂದೇ ಬಾಕಿ. ಪಾಸ್‌ಪೋರ್ಟ್ ಬದಲಾಯಿಸಿ ಹೊಸ ಅರ್ಜಿ ಹಾಕೋಣ. ಎಷ್ಟೋ ಜನಕ್ಕೆ ಮಾಡಿಕೊಟ್ಟಿದೀನಿ."

ನಾನು ಸಾಲ್ಕಿನ್ ಕಾಲು ತುಳಿದೆ. ಅವಳು ಕಾಲನ್ನು ಪಕ್ಕಕ್ಕೆಳೆದುಕೊಂಡಳು.

"ನಾನು ಕ್ರೇನ್ ಓಡಿಸೋದು ನಿಜ. ಕೊಮುಜ್ ಓದಿದ್ದೂ ನಿಜ. ಕೈಯಲ್ಲಿ ಎರಡು ನಿಜ ಇರೋವಾಗ ನಿನ್ನ ಹತ್ರ ಒಂದು ಸುಳ್ಳು ಕೊಳ್ಳೋಕೆ ಯಾಕೆ ಬರ್ಲಿ?"

"ಹಾಗಾದ್ರೆ ಮೇಲ್ಮನವಿ ನೀವೇ ಹಾಕ್ಕೊಳ್ಳಿ. ನನ್ನ ಹೆಸರು ತರ್ಬೇಡಿ."

"ತರಲ್ಲ. ಚಹಾ ಚೆನ್ನಾಗಿತ್ತು."

ಆ ವಾರವೇ ಅವಳ ಅಣ್ಣ ಕುಬಾತ್ ನಾರಿನ್‌ನಿಂದ ಬಂದ. ಒಣಗಿಸಿದ ಮಾಂಸ, ಒಂದು ಕ್ಯಾನ್ ತುಂಬ ಕುದುರೆ ಹಾಲಿನ ಕುಮಿಸ್ ತಂದಿದ್ದ. ನನ್ನನ್ನೂ ಊಟಕ್ಕೆ ಕರೆದಿದ್ದರು. ಕುಬಾತ್ ಒರಟು ಮೈಕಟ್ಟಿನ ಮೃದು ಮನುಷ್ಯ. ಎಷ್ಟೋ ಹೊತ್ತು ಕುದುರೆಗಳ ವಿಷಯ, ಹುಲ್ಲಿನ ವಿಷಯ ಮಾತಾಡಿದ. ಬಟ್ಟಲು ಖಾಲಿಯಾದ ಮೇಲೆ ಗಂಟಲು ಸರಿಮಾಡಿಕೊಂಡ.

"ಅರ್ಜೀಲಿ ಒಂದೇ ಒಂದು ಸಾಲು, ಸಾಲ್ಕಿನ್. ಬಿಟ್ಟುಬಿಡು. ಯಾರಿಗೇನು ನಷ್ಟ?"

"ನನಗೆ."

"ಕೊಮುಜ್ ಬೇಡ, ಟೀಚರ್ ಆಗು ಅಂದ್ವಿ. ಕೇಳ್ಲಿಲ್ಲ. ಕ್ರೇನ್ ಹೆಂಗಸರ ಕೆಲಸ ಅಲ್ಲ ಅಂದ್ವಿ. ಹತ್ತಿ ಕೂತೆ. ಇದೊಂದ್ಸಲನಾದ್ರೂ ಮಾತು ಕೇಳು."

"ನೀವು ಬೇಡ ಅಂದಾಗೆಲ್ಲ ಕೇಳಿದ್ದಿದ್ರೆ ಇವತ್ತು ನಾನು ಎಲ್ಲಿರ್ತಿದ್ದೆ, ಹೇಳು."

"ಊರಲ್ಲಿ ಇರ್ತಿದ್ದೆ" ಅಂದ ಕುಬಾತ್. "ನನ್ನ ಪಕ್ಕದ ಮನೇಲಿ."

ಅವನು ಚುಚ್ಚಲೆಂದು ಅಂದದ್ದಲ್ಲ. ಸಾಲ್ಕಿನ್ ಎದ್ದುಹೋಗಿ ಅಣ್ಣನ ಬಟ್ಟಲಿಗೆ ಮತ್ತೆ ಕುಮಿಸ್ ಸುರಿದಳು. ಆ ರಾತ್ರಿ ಅವರು ಮತ್ತೆ ಆ ವಿಷಯ ಎತ್ತಲಿಲ್ಲ. ಆದರೆ ಅವಳ ನಿಲುವು ಬದಲಾಗಲಿಲ್ಲ.

ಮೇಲ್ಮನವಿಗೆ ಕ್ರೇನ್ ತರಬೇತಿಯ ಕಾಗದ ಸಾಲದು, ಅನುಭವದ ಪತ್ರವೂ ಬೇಕಿತ್ತು. ಒಂಬತ್ತು ವರ್ಷದಿಂದ ಇವಳು ಕ್ರೇನ್ ಓಡಿಸುತ್ತಿದ್ದಾಳೆಂದು ನಮ್ಮ ಮಾಲೀಕ ಶಾರ್ಶೆನ್‌ಬೆಕ್ ಬರೆದು ಸೀಲು ಹಾಕಬೇಕಿತ್ತು. ತೊಡಕು ಅಲ್ಲೇ ಇತ್ತು, ಅದು ನಮಗೆಲ್ಲ ಗೊತ್ತಿದ್ದದ್ದೇ. ಯಾರು ಏನು ಕೆಲಸ ಮಾಡುತ್ತಾರೆಂದು ಸರ್ಕಾರಕ್ಕೆ ತೋರಿಸುವ ಕೆಲಸದ ಪುಸ್ತಕದಲ್ಲಿ ಅವನು ನಮ್ಮ ಯಾರ ನಿಜವಾದ ಕೆಲಸವನ್ನೂ ಬರೆದಿರಲಿಲ್ಲ. ಅಪಾಯದ ಕೆಲಸವೆಂದು ಬರೆದರೆ ಸರ್ಕಾರಕ್ಕೆ ಹೆಚ್ಚು ಕಟ್ಟಬೇಕು, ರಜೆ ಕೊಡಬೇಕು, ಪಿಂಚಣಿಗೆ ಸೇರಿಸಬೇಕು. ಹಾಗಾಗಿ ಪುಸ್ತಕದ ಪ್ರಕಾರ ಸಾಲ್ಕಿನ್ ಗೋದಾಮಿನ ಕಸ ಗುಡಿಸುವವಳು. ನಾನು ಕಾವಲುಗಾರ. ಬೇರೆ ಕಡೆಯೂ ಹೀಗೇ ಇರುತ್ತದೆಂದು ನಾವು ಬಾಯಿ ಮುಚ್ಚಿಕೊಂಡಿದ್ದೆವು.

ಶಾರ್ಶೆನ್‌ಬೆಕ್ ಅವಳ ಮಾತನ್ನು ಪೂರ್ತಿ ಕೇಳಿದ. ಕೆಟ್ಟದಾಗಿ ಮಾತಾಡುವ ಮನುಷ್ಯನಲ್ಲ ಅವನು. ನಗುತ್ತಲೇ ಇಲ್ಲವೆನ್ನುವವನು.

"ಇಲ್ಲಿ ಏನು ಕಮ್ಮಿಯಾಗಿದೆ ನಿಂಗೆ? ಹೀಟರ್ ಬೇಕಾ ಮೇಲೆ? ಹಾಕಿಸ್ತೀನಿ."

"ಹೀಟರ್ ಆರು ವರ್ಷದಿಂದ ಹಾಕಿಸ್ತಿದೀರಿ. ನಂಗೆ ಬೇಕಾಗಿರೋದು ಕಾಗದ."

"ಆ ಕಾಗದ ಬರೆದ್ರೆ ನಂಗೆ ದಂಡ ಬೀಳುತ್ತೆ ಕಣಮ್ಮ. ನೀನು ಯುರೋಪಿಗೆ ಹೋಗ್ತೀಯ, ನಾನು ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರ್ ಮುಂದೆ ಹೋಗ್ತೀನಿ."

"ಅಂದ್ರೆ ನಾನು ಇಷ್ಟು ವರ್ಷ ಕ್ರೇನ್ ಹತ್ತೇ ಇಲ್ವಾ?"

"ಪುಸ್ತಕದಲ್ಲಿ ಹತ್ತಿಲ್ಲ."

"ಸರಿ" ಅಂದಳು ಸಾಲ್ಕಿನ್. ಅವಳ "ಸರಿ" ಎಂಥದ್ದೆಂದು ವರ್ಷಗಟ್ಟಲೆ ವಾಕಿಟಾಕಿ ಕಿವಿಗೆ ಹಚ್ಚಿ ಕೇಳಿದ ನನಗೆ ಗೊತ್ತಿತ್ತು. ಶಾರ್ಶೆನ್‌ಬೆಕ್‌ಗೆ ಗೊತ್ತಿರಲಿಲ್ಲ. ವಿಷಯ ಮುಗಿಯಿತೆಂದುಕೊಂಡ.

ಬೆಟ್ಟದ ಹಿಮ ದಿನದಿನಕ್ಕೂ ಕೆಳಗಿಳಿಯುತ್ತಿದ್ದ ಕಾಲ. ಹೆಪ್ಪುಗಟ್ಟುವ ಚಳಿ ಬರುವುದರೊಳಗೆ ಕೊನೆಯ ಸ್ಲ್ಯಾಬ್ ಹಾಕಿ ಮುಗಿಸಬೇಕೆಂದು ಶಾರ್ಶೆನ್‌ಬೆಕ್ ಅವಸರ ಮಾಡುತ್ತಿದ್ದ. ಆ ದಿನ ಬೆಳಿಗ್ಗೆ ಕಾಂಕ್ರೀಟ್ ಲಾರಿಗಳು ಒಂದರ ಹಿಂದೊಂದು ಬಂದು ನಿಂತವು, ಹೊಟ್ಟೆಯೊಳಗೆ ಗರಗರ ತಿರುಗಿಸುತ್ತ. ನಾನು ಬಕೆಟ್ಟಿಗೆ ಕಾಂಕ್ರೀಟ್ ತುಂಬಿಸಿ ಕೊಕ್ಕೆ ಹಾಕಿದೆ.

"ಎತ್ತು ತಂಗಿ."

ಕೊಕ್ಕೆ ಅಲುಗಲಿಲ್ಲ.

"ಸಾಲ್ಕಿನ್?"

"ಇಸಾಕ್ ಬೈಕೆ, ಮಾಲೀಕರಿಗೆ ಹೇಳಿ. ಪುಸ್ತಕದ ಪ್ರಕಾರ ನಾನು ಕಸ ಗುಡಿಸೋಳು. ಇಲ್ಲಿ ಕ್ಯಾಬಿನ್ ಗುಡಿಸಿ ಮುಗಿಸಿದೆ. ಇನ್ನು ಗುಡಿಸೋಕೆ ಏನೂ ಇಲ್ಲ."

ಸುತ್ತ ನಿಂತವರಿಗೆಲ್ಲ ವಾಕಿಟಾಕಿಯ ಮಾತು ಕೇಳಿಸಿತು. ಸ್ವಲ್ಪ ಹೊತ್ತಿಗೆ ಶಾರ್ಶೆನ್‌ಬೆಕ್ ಓಡಿ ಬಂದ. ನನ್ನ ಕೈಯಿಂದ ವಾಕಿಟಾಕಿ ಕಿತ್ತುಕೊಂಡ.

"ಏನಾಟ ಇದು? ಕಾಂಕ್ರೀಟ್ ಗಟ್ಟಿಯಾಗುತ್ತೆ."

"ಗೊತ್ತು."

"ಕೆಳಗಿಳಿ."

"ಇಳಿಯಲ್ಲ. ಕಾಗದ ಬರೆದು ಕಳಿಸಿ, ಆಮೇಲೆ ಎತ್ತುತೀನಿ. ಒಂದು ಬಕೆಟ್ಟೂ ಹಾಳು ಮಾಡಲ್ಲ."

"ಪೊಲೀಸ್ ಕರೀತೀನಿ."

"ಕರೀರಿ. ಹತ್ತಿ ಬರ್ಲಿ. ಏಣಿ ಅಲ್ಲೇ ಇದೆ."

ಅವನು ಪೊಲೀಸರನ್ನು ಕರೆಯುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಪೊಲೀಸರ ಹಿಂದೆ ಇನ್‌ಸ್ಪೆಕ್ಟರೂ ಬರುತ್ತಾನೆ. ಬೇರೆ ಯಾರನ್ನಾದರೂ ಮೇಲೆ ಹತ್ತಿಸೋಣವೆಂದರೆ ಕನಾತ್ ಆಗಲೇ ವಿಮಾನ ಹತ್ತಿದ್ದ. ಶಾರ್ಶೆನ್‌ಬೆಕ್ ತಾನೇ ಏಣಿಯ ಬುಡಕ್ಕೆ ಹೋಗಿ ಸ್ವಲ್ಪ ದೂರ ಹತ್ತಿದ, ಕೆಳಗೆ ನೋಡಿದ, ಮೆಲ್ಲಗೆ ಇಳಿದುಬಂದ.

ಆಗ ಕೂಗಿದವನು ಮಾಮಾಸಾಲಿ, ಓಶ್ ಕಡೆಯಿಂದ ಬಂದ ಕಾಂಕ್ರೀಟ್ ತಂಡದ ಮುಖ್ಯಸ್ಥ. "ಎಜೆ, ನಿಮ್ಮ ಜಗಳದಲ್ಲಿ ನಮ್ಮ ಹೊಟ್ಟೆಗೆ ಯಾಕೆ ಹೊಡೀತೀರಿ? ಇದು ಹಾಳಾದ್ರೆ ನಮ್ಮ ಕೂಲಿ ಹೋಗುತ್ತೆ."

ಮಾಲೀಕನ ಕೈಯಲ್ಲಿದ್ದ ವಾಕಿಟಾಕಿಯಿಂದ ಆ ಕೂಗು ಮೇಲಕ್ಕೂ ಕೇಳಿಸಿತು. ಅವಳಿಗೆ ಆ ಮಾತು ತಾಕಿತೆಂದು ಧ್ವನಿಯಲ್ಲೇ ನನಗೆ ಗೊತ್ತಾಯಿತು.

"ನಿಮ್ಮ ಮಾತು ಸರಿ ಮಾಮಾಸಾಲಿ. ನಂಗೆ ಬೇರೆ ದಾರಿ ತೋರ್ಸಿ, ಈಗಲೇ ಎತ್ತುತೀನಿ."

ಮಾಮಾಸಾಲಿ ಲಾರಿಯವರಿಗೆ, ತಿರುಗಿಸುತ್ತಲೇ ಇರಿ ಎಂದು ಕೈ ಮಾಡಿದ.

ಶಾರ್ಶೆನ್‌ಬೆಕ್ ನನ್ನ ಕಡೆ ತಿರುಗಿದ. "ಇಸಾಕ್, ನಿನ್ನ ಮಾತು ಕೇಳ್ತಾಳೆ ಅವಳು. ಹೇಳು. ಇಲ್ಲಾಂದ್ರೆ ನಾಳೆಯಿಂದ ನೀನೂ ಬರ್ಬೇಡ."

ನನಗಾಗ ಐವತ್ತೆಂಟು ವರ್ಷ. ಆ ವಯಸ್ಸಿನಲ್ಲಿ ಇನ್ನೊಂದು ಸೈಟಿನಲ್ಲಿ ಯಾರು ಕರೆದು ಕೆಲಸ ಕೊಡುತ್ತಾರೆ? ಆದರೂ ಕೈಗವಸು ತೆಗೆದು ಜೇಬಿಗಿಟ್ಟೆ. ಗೇಟಿನ ಪಕ್ಕದ ಮುರುಕು ಕುರ್ಚಿ ಎಳೆದುಕೊಂಡು ಕೂತೆ.

"ನಾನು ಕಾವಲುಗಾರ, ಶಾರ್ಶೆನ್‌ಬೆಕ್. ನೀವೇ ಬರೆದಿದೀರಿ. ಕಾವಲು ಕಾಯ್ತಿದೀನಿ."

ಯಾರೋ ಫಕ್ಕನೆ ನಕ್ಕರು. ವಕೀಲಿಕೆ ಓದಿದ ಸೆಂಟ್ರಿಂಗಿನವನು ಸುತ್ತಿಗೆ ಕೆಳಗಿಟ್ಟು, "ಪುಸ್ತಕದಲ್ಲಿ ನಾನು ಅಡುಗೆಯವನು. ಸೌದೆ ಎಲ್ಲಿದೆ?" ಅಂದ. ಮಾಮಾಸಾಲಿ ಶಾರ್ಶೆನ್‌ಬೆಕ್‌ನನ್ನೂ ಕ್ರೇನನ್ನೂ ಒಮ್ಮೆ ನೋಡಿದ. ಕಾಂಕ್ರೀಟ್ ಲಾರಿಯನ್ನೊಮ್ಮೆ ನೋಡಿದ. ಅವನಿಗೆ ನಷ್ಟ ಎಲ್ಲರಿಗಿಂತ ಹೆಚ್ಚು.

"ನನ್ನ ಪುಸ್ತಕದಲ್ಲಿ ಏನಿದೆ ಮಾಲೀಕರೇ?" ಎಂದು ಕೇಳಿದ.

ಶಾರ್ಶೆನ್‌ಬೆಕ್ ಗಡಿಯಾರ ನೋಡಿಕೊಂಡ.

"ತೋಟದ ಮಾಲಿ" ಅಂತ ಮಾಮಾಸಾಲಿ ತಾನೇ ಹೇಳಿ ಮರಳ ರಾಶಿಯ ಮೇಲೆ ಕೂತ. ಅವನ ತಂಡವೂ ಕೂತಿತು.

ಲಾರಿ ಚಾಲಕರು ಹಾರ್ನ್ ಬಾರಿಸತೊಡಗಿದರು. ಶಾರ್ಶೆನ್‌ಬೆಕ್ ಕಚೇರಿಗೆ ಹೋಗಿ ಒಂದು ಕಾಗದ ಹಿಡಿದು ಬಂದ. ಸಾಲ್ಕಿನ್ ದಿನಾ ಚಹಾ ಫ್ಲಾಸ್ಕ್ ಎಳೆದುಕೊಳ್ಳಲು ಇಳಿಬಿಡುತ್ತಿದ್ದ ಹಗ್ಗದ ಚೀಲದಲ್ಲಿ ಅದನ್ನಿಟ್ಟೆ. ಚೀಲ ಮೇಲೆ ಹೋಯಿತು. ನಾವೆಲ್ಲ ಕತ್ತು ಮೇಲೆತ್ತಿ ನಿಂತೆವು.

"'ಸದರಿಯವರು ಅಗತ್ಯ ಬಿದ್ದಾಗ ಕ್ರೇನಿನ ಕೆಲಸದಲ್ಲಿ ನೆರವಾಗಿದ್ದಾರೆ'" ಎಂದು ವಾಕಿಟಾಕಿ ಓದಿತು. "ನೆರವಾದೆನಂತೆ. ಯಾರಿಗೆ ನೆರವಾದೆ ಬೈಕೆ? ಗಾಳಿಗಾ?"

ಚೀಲ ಕೆಳಗೆ ಬಂತು. ಶಾರ್ಶೆನ್‌ಬೆಕ್ ಮತ್ತೆ ಹೋದ. ಎರಡನೆಯ ಕಾಗದ ಬರೆಯುವಾಗ ಅವನ ಹಿಂದೆ ವಕೀಲಿಕೆ ಓದಿದ ಸೆಂಟ್ರಿಂಗಿನವನು ನಿಂತಿದ್ದ. ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ಕ್ರೇನು, ಎಲ್ಲ ಇತ್ತು. ಕೆಳಗೆ ಗುಂಡು ಸೀಲು. ಚೀಲ ಮೇಲೆ ಹೋಯಿತು. ಕೊಂಚ ಹೊತ್ತಿನ ಮೇಲೆ ಕೊಕ್ಕೆ ಬಿಗಿಯಾಯಿತು.

"ಕೈಗವಸು ಹಾಕ್ಕೊಳ್ಳಿ ಬೈಕೆ" ಅಂದಳು.

ಆ ದಿನ ಕತ್ತಲಾಗುವವರೆಗೆ ಒಂದು ನಿಮಿಷವೂ ನಿಲ್ಲದೆ ಎತ್ತಿದಳು. ಒಂದು ಬಕೆಟ್ಟೂ ಹಾಳಾಗಲಿಲ್ಲ. ಇಳಿದು ಬಂದವಳೇ ನೇರ ಮಾಮಾಸಾಲಿಯ ಬಳಿ ಹೋದಳು.

"ನಿಮ್ಮನ್ನ ಹೆದರಿಸಿಬಿಟ್ಟೆ."

"ಹೆದರಿಸಿದ್ರಿ" ಅಂದ ಮಾಮಾಸಾಲಿ. "ಮುಂದಿನ ಸಲ ಮೊದ್ಲೇ ಹೇಳಿ. ಹೊಟ್ಟೆ ತುಂಬ ತಿಂದು ಬರ್ತೀವಿ."

ಮೇಲ್ಮನವಿಗೆ ಅವಳನ್ನು ಮಾತುಕತೆಗೆ ಕರೆದರು. ನಾನು ಹೊರಗೆ ಬೇಲಿಯ ಬಳಿ ಕಾದೆ. ಒಳಗೆ ನಡೆದದ್ದನ್ನು ಅವಳೇ ಆಮೇಲೆ ಹೇಳಿದಳು.

ಗಾಜಿನ ಆಚೆ ಕೂತಿದ್ದ ಅಧಿಕಾರಿ ನಡುವಯಸ್ಸಿನ ಹೆಂಗಸು, ಸೌಮ್ಯ ಮುಖದವಳು. ಪಕ್ಕದಲ್ಲಿ ನಮ್ಮವಳೇ ಒಬ್ಬ ದುಭಾಷಿ.

"ನೀವು ಸಂಗೀತಗಾರ್ತಿಯಾ, ಕ್ರೇನ್ ಆಪರೇಟರಾ?" ಎಂದು ಅಧಿಕಾರಿ ಕೇಳಿದಳು.

"ಎರಡೂ."

"ಒಂದನ್ನು ಹೇಳಿ."

"ಕೆಲಸ ಕೇಳೋದಾದ್ರೆ ಕ್ರೇನ್. ಓದು ಕೇಳೋದಾದ್ರೆ ಕೊಮುಜ್. ನಿಮ್ಮ ಅರ್ಜೀಲಿ ಎರಡಕ್ಕೂ ಬೇರೆ ಬೇರೆ ಜಾಗ ಇದೆ. ಬೇರೆ ಬೇರೆ ಬರೆದಿದೀನಿ."

"ಇಂಥ ಓದು ಓದಿದವರು ಇಂಥ ಕೆಲಸಕ್ಕೆ ಬರುವುದು ಸಹಜವಲ್ಲ."

"ನಮ್ಮೂರಲ್ಲಿ ಸಹಜ. ಬೇಕಾದ್ರೆ ನಿಮ್ಮ ಪಕ್ಕದಲ್ಲಿ ಕೂತಿರೋ ಈ ತಂಗೀನ ಕೇಳಿ, ಏನು ಓದಿದಾಳೆ ಅಂತ."

ದುಭಾಷಿ ಅದನ್ನು ಅನುವಾದ ಮಾಡಲಿಲ್ಲ. ತಲೆ ತಗ್ಗಿಸಿಕೊಂಡು ನಮ್ಮ ಮಾತಿನಲ್ಲೇ ಪಿಸುಗುಟ್ಟಿದಳು: "ಎಜೆ, ನಾನು ದನದ ಡಾಕ್ಟರ್ ಓದಿರೋದು. ದಯವಿಟ್ಟು ನನ್ನ ಇದರೊಳಗೆ ಎಳೀಬೇಡಿ."

ಸಾಲ್ಕಿನ್‌ಗೆ ಪಾಪ ಅನಿಸಿತಂತೆ. "ಅದನ್ನ ಹೇಳ್ಬೇಡ ಬಿಡು" ಅಂದಳು. ದುಭಾಷಿ ಏನು ಅನುವಾದ ಮಾಡಿದಳೋ, ಅಧಿಕಾರಿ ತಲೆಯಾಡಿಸಿದಳು.

ಆಮೇಲೆ ಅಧಿಕಾರಿ ಗೋಡೆಯ ಕಡೆ ಕೈ ತೋರಿಸಿದಳು. ಅಲ್ಲಿ ಅಲಂಕಾರಕ್ಕೆಂದು ನಮ್ಮ ಕಸೂತಿ ಬಟ್ಟೆ, ಒಂದು ಟೋಪಿ, ಒಂದು ಕೊಮುಜ್ ತೂಗುಹಾಕಿದ್ದರು. ಪದವಿ ನಿಜವೋ ಎಂದು ತಿಳಿಯಬೇಕಿತ್ತೋ, ಸುಮ್ಮನೆ ಆಸೆಯೋ ಗೊತ್ತಿಲ್ಲ. "ಸ್ವಲ್ಪ ನುಡಿಸಿ ತೋರಿಸುತ್ತೀರಾ?" ಅಂದಳು.

ನಾನಾಗಿದ್ದರೆ ನುಡಿಸಿಬಿಡುತ್ತಿದ್ದೆ. ಒಂದು ರಾಗ ಕೇಳಿ ಆ ಹೆಂಗಸಿನ ಮನಸ್ಸು ಕರಗಿ ವೀಸಾ ಕೊಟ್ಟರೂ ಕೊಡಬಹುದಿತ್ತು. ಹಾಗಂತ ಅವಳಿಗೂ ಅನಿಸಿತಂತೆ. ಬೆರಳು ತಾವಾಗೇ ಅಲುಗಿದವಂತೆ.

"ನುಡಿಸಲ್ಲ" ಅಂದಳು. "ನಾನು ಇಲ್ಲಿ ಕ್ರೇನ್ ಕೆಲಸಕ್ಕೆ ಬಂದಿದೀನಿ. ಕ್ರೇನ್ ಓಡಿಸೋದನ್ನ ನೋಡ್ಬೇಕು ಅಂದ್ರೆ ನಾಳೆ ಸೈಟಿಗೆ ಬನ್ನಿ. ಕೊಮುಜ್ ಕೇಳ್ಬೇಕು ಅಂದ್ರೆ ಯಾವತ್ತಾದ್ರೂ ಮನೆಗೆ ಬನ್ನಿ, ಊಟ ಹಾಕಿ ನುಡಿಸ್ತೀನಿ. ಕಾಗದಕ್ಕೋಸ್ಕರ ನುಡಿಸಲ್ಲ."

ಹೊರಗೆ ಬಂದು ಇದನ್ನು ಹೇಳಿದಾಗ ನನಗೆ ಸಿಟ್ಟು ಬಂತು. "ಎಂಥ ಹಟ ತಂಗಿ ನಿಂದು. ಎರಡು ನಿಮಿಷದ ಕೆಲಸ."

"ಬೈಕೆ, ಮದುವೆ ಮನೇಲಿ ತಿನ್ನೋರ ಮುಂದೆ ನುಡಿಸಲ್ಲ ಅಂತ ಕ್ರೇನ್ ಹತ್ತಿದೋಳು ನಾನು. ಈಗ ಗಾಜಿನ ಕಿಂಡಿ ಮುಂದೆ ನುಡಿಸ್ಲಾ?"

ಮಿನಿ ಬಸ್ಸಿನಲ್ಲಿ ನಾನು ಬೇಕೆಂದೇ ಅವಳಿಂದ ದೂರದ ಸೀಟಿನಲ್ಲಿ ಕೂತೆ.

ಮೇಲ್ಮನವಿಯನ್ನೂ ತಿರಸ್ಕರಿಸಿದರು. ಈ ಸಲ ಕಾರಣ ಬೇರೆ. ಅನುಭವದ ಪತ್ರದಲ್ಲಿ ಕ್ರೇನ್ ಎಂದಿದೆ, ತಾವು ತರಿಸಿಕೊಂಡ ಕೆಲಸದ ಪುಸ್ತಕದಲ್ಲಿ ಕಸ ಗುಡಿಸುವವಳು ಎಂದಿದೆ, ಯಾವುದು ನಿಜ? ಅದನ್ನು ತಿಳಿಯಲು ಅವರು ನಮ್ಮ ಕಾರ್ಮಿಕ ಇಲಾಖೆಗೂ ಬರೆದಿದ್ದರು. ಒಂದು ಬೆಳಿಗ್ಗೆ ಇನ್‌ಸ್ಪೆಕ್ಟರ್ ಸೈಟಿಗೆ ಬಂದ. ಶಾರ್ಶೆನ್‌ಬೆಕ್ ದಂಡ ಕಟ್ಟಿದ. ಮಧ್ಯಾಹ್ನವೇ ಸಾಲ್ಕಿನ್‌ಳನ್ನು ಕೆಲಸದಿಂದ ತೆಗೆದ.

ಅವಳು ತಕರಾರು ಮಾಡಲಿಲ್ಲ. ಆದರೆ ಕೆಲಸದ ಪುಸ್ತಕ ಸರಿಯಾಗುವವರೆಗೆ ಕಚೇರಿಯ ಬಾಗಿಲಲ್ಲಿ ಕೂತಳು. ಇನ್‌ಸ್ಪೆಕ್ಟರನ ಹೆದರಿಕೆಗೆ ಶಾರ್ಶೆನ್‌ಬೆಕ್ ಎಲ್ಲರ ಪುಸ್ತಕವನ್ನೂ ತಿದ್ದಬೇಕಾಯಿತು. ನಾನು ಇವತ್ತು ಪಿಂಚಣಿ ಪಡೆಯುವುದು ಭಾರ ಕಟ್ಟುವವನೆಂದು, ಕಾವಲುಗಾರನೆಂದಲ್ಲ. ಮಾಮಾಸಾಲಿ ತಿದ್ದಿದ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಓಶ್‌ಗೆ ಒಯ್ದು ಹೆಂಡತಿಗೆ ತೋರಿಸಿ ಬಂದ. ಇದರಿಂದ ಆಗ ಲಾಭವಾಗದೆ ಇದ್ದವಳು ಸಾಲ್ಕಿನ್ ಒಬ್ಬಳೇ. ಅವಳಿಗೆ ಆ ಚಳಿಗಾಲ ಕೆಲಸವಿರಲಿಲ್ಲ. ನಾರಿನ್‌ಗೆ ಹೋಗಿ ಅಣ್ಣನ ಕುದುರೆಗಳಿಗೆ ಹುಲ್ಲು ಹಾಕಿಕೊಂಡಿದ್ದಳು. ನಾನು ಫೋನ್ ಮಾಡಿದಾಗ, "ಕುಬಾತ್‌ಗೆ ಖುಷಿಯಾಗಿದೆ, ಪಕ್ಕದ ಮನೇಲಿದೀನಿ" ಅನ್ನುತ್ತಿದ್ದಳು. ಧ್ವನಿ ಮಾತ್ರ ಬತ್ತಿಹೋಗಿರುತ್ತಿತ್ತು.

ವಸಂತದಲ್ಲಿ ಮರಳಿ ಬಂದು ಇನ್ನೊಂದು ಸೈಟಿನಲ್ಲಿ ಕೆಲಸ ಹಿಡಿದಳು. ಅಲ್ಲಿಯ ಮಾಲೀಕ ಪುಸ್ತಕದಲ್ಲಿ ನಿಜವಾದ ಕೆಲಸ ಬರೆದು ತೋರಿಸಿದ ಮೇಲೆಯೇ ಏಣಿ ಹತ್ತಿದಳಂತೆ. ಹೊರದೇಶದ ಆ ಮ್ಯಾನೇಜರ್ ಅವಳನ್ನು ಮರೆತಿರಲಿಲ್ಲ. ಇನ್ನೊಂದು ಕಟ್ಟಡ ಶುರುವಾಗುತ್ತಿದೆ, ಬರುತ್ತೀಯಾ ಎಂದು ಕೇಳಿ ಹೊಸ ಕರಾರು ಕಳಿಸಿದ. ಅವಳು ಮತ್ತೆ ಅರ್ಜಿ ತುಂಬಿದಳು, ಈ ಸಲ ತಿದ್ದಿದ ಕೆಲಸದ ಪುಸ್ತಕವನ್ನೂ ಜೊತೆಗಿಟ್ಟಳು. ನಾನು ಪಕ್ಕದಲ್ಲಿದ್ದೆ. ಓದಿನ ಜಾಗದಲ್ಲಿ "ಸಂಗೀತ ಮಹಾವಿದ್ಯಾಲಯ, ಕೊಮುಜ್" ಎಂದು ಬರೆದಳು, ಹೋದ ಸಲಕ್ಕಿಂತ ದೊಡ್ಡ ಅಕ್ಷರದಲ್ಲಿ.

"ಸಣ್ಣದಾಗಿ ಬರೆದಿದ್ರೂ ಓದ್ತಿದ್ರು" ಅಂದೆ.

"ಹೋದ ಸಲ ಸರಿಯಾಗಿ ಓದಿಲ್ಲ ಅನ್ಸುತ್ತೆ."

ಪಾಸ್‌ಪೋರ್ಟ್ ತೆಗೆದುಕೊಳ್ಳಲು ಕರೆ ಬಂದಾಗ ಬಿಸಿಲಿನ ದಿನ. ನಾನೂ ರಜೆ ಹಾಕಿ ಹೋದೆ. ಕಿಂಡಿಯಿಂದ ಲಕೋಟೆ ತೆಗೆದುಕೊಂಡು ಹೊರಬಂದಳು, ಬಿಚ್ಚಲಿಲ್ಲ. ಮೂಲೆಯಲ್ಲಿ ಮಾಂಸ ತುಂಬಿದ ಸಮ್ಸಾ ಸುಡುವವನ ಅಂಗಡಿ. "ಮೊದ್ಲು ತಿನ್ನೋಣ" ಅಂದಳು. ಇಬ್ಬರೂ ತಿಂದೆವು. ಬಿಸಿ ಕೊಬ್ಬು ನನ್ನ ಗಡ್ಡದ ಮೇಲೆ ಸುರಿಯಿತು. ಆಮೇಲೆ ಕೈಯೊರೆಸಿಕೊಂಡು ಲಕೋಟೆ ಬಿಚ್ಚಿದಳು.

ವೀಸಾ ಇತ್ತು. ಹೆಸರು, ಫೋಟೋ, ಎರಡು ವರ್ಷದ ಅವಧಿ.

ನನ್ನ ಕಣ್ಣು ತುಂಬಿತು. ಅವಳು ಪುಟವನ್ನು ಬಹಳ ಹೊತ್ತು ನೋಡಿದಳು. ಮುಖ ಸಡಿಲವಾಯಿತು, ಇನ್ನೇನು ನಗುತ್ತಾಳೆ ಅನ್ನುವಷ್ಟರಲ್ಲಿ ಹುಬ್ಬು ಗಂಟಿಕ್ಕಿತು.

"ಬೈಕೆ, ಹಳೇ ಎರಡು ತಿರಸ್ಕಾರ ಏನಾಯ್ತು?"

"ಏನಾಗ್ಬೇಕು? ಹೋದವು. ವೀಸಾ ಸಿಕ್ತಲ್ಲ."

"ಎಲ್ಲಿ ಹೋದವು? ಇನ್ಮೇಲೆ ಯಾವ ದೇಶದ ಅರ್ಜಿ ತುಂಬಿದ್ರೂ ಕೇಳ್ತಾರೆ, 'ನಿಮಗೆ ಎಂದಾದರೂ ವೀಸಾ ನಿರಾಕರಿಸಲಾಗಿದೆಯೇ' ಅಂತ. ನಾನು ಹೌದು ಅಂತ ಬರೀಬೇಕು. 'ನಂಬಲು ಅರ್ಹ ಅಲ್ಲ' ಅಂದಿದಾರೆ ನನ್ನ. ಅದು ತಪ್ಪು ಅಂತ ಇವತ್ತು ಅವರೇ ಒಪ್ಪಿದಾರೆ. ಹಾಗಾದ್ರೆ ಅದನ್ನ ತೆಗೀಲಿ."

"ಸಾಲ್ಕಿನ್, ದೇವರು ಕೊಟ್ಟದ್ದನ್ನ ತಗೊಂಡು ಮನೆಗೆ ನಡಿ."

ಅವಳಾಗಲೇ ಎದ್ದಿದ್ದಳು.

ಗೇಟಿನ ಕಾವಲುಗಾರ ನಮ್ಮನ್ನು ನೋಡಿ ನಕ್ಕ. "ಏನ್ ಎಜೆ, ಸಿಗ್ಲಿಲ್ವಾ?"

"ಸಿಕ್ತು."

"ಮತ್ತೇನು?"

"ತಕರಾರಿದೆ."

ಅವನು ತನ್ನ ಜೀವನದಲ್ಲಿ ವೀಸಾ ಸಿಕ್ಕಿದವರು ವಾಪಸು ಬಂದದ್ದನ್ನು ನೋಡಿರಲಿಲ್ಲ. "ಊಟದ ಹೊತ್ತು, ಕಿಂಡಿ ಮುಚ್ಚಿದಾರೆ. ಮನೆಗೆ ಹೋಗಿ ಎಜೆ, ಹಬ್ಬ ಮಾಡಿ."

"ಕಿಂಡಿ ಯಾವಾಗ ತೆಗೀತಾರೆ?"

"ಅವರಿಗಿಷ್ಟ ಬಂದಾಗ."

ಸಾಲ್ಕಿನ್ ಬೇಲಿಗೆ ಒರಗಿ ನಿಂತಳು. ನೆರಳಿರಲಿಲ್ಲ. ಚೀಲದಿಂದ ಹಾಳೆ ತೆಗೆದು, ಪಾಸ್‌ಪೋರ್ಟನ್ನೇ ಹಲಗೆ ಮಾಡಿಕೊಂಡು ತಕರಾರು ಬರೆಯತೊಡಗಿದಳು. ಒಂದೆರಡು ಕಡೆ ಪದ ಸರಿಯೋ ಎಂದು ನನ್ನನ್ನು ಕೇಳಿದಳು.

ಹಳೆಯ ತಿರಸ್ಕಾರಗಳನ್ನು ಅವರು ತೆಗೆಯಲಿಲ್ಲ, ಇವತ್ತಿಗೂ ತೆಗೆದಿಲ್ಲ. ಆದರೆ ಆ ಮಧ್ಯಾಹ್ನ ಕಿಂಡಿ ತೆರೆದವನು ಅವಳ ಹಾಳೆಯನ್ನು ಒಮ್ಮೆ, ಇನ್ನೊಮ್ಮೆ ಓದಿ, ಏನು ಮಾಡಬೇಕೆಂದು ತಿಳಿಯದೆ ಒಳಗೆ ಹೋಗಿ ಯಾರನ್ನೋ ಕೇಳಿ ಬಂದು, ಸ್ವೀಕರಿಸಲಾಗಿದೆ ಎಂದು ಮುದ್ರೆ ಒತ್ತಿ ಪ್ರತಿಯನ್ನು ಕೊಟ್ಟ. ಅದನ್ನು ಮಡಚಿ ಚೀಲದಲ್ಲಿಟ್ಟುಕೊಂಡಳು. ಮುಂದಿನ ತಿಂಗಳು ವಿಮಾನ ಹತ್ತಿದಳು. ಅಲ್ಲಿಂದ ವರ್ಷಕ್ಕೆರಡು ಸಲ ಆ ಕಚೇರಿಗೆ ಪತ್ರ ಬರೆಯುತ್ತಾಳೆ, ನನ್ನ ತಕರಾರು ಎಲ್ಲಿಗೆ ಬಂತು ಅಂತ.